‘ಬಾಯಿ ಸರಿ ಉಂಟು’ ಎಂದ ಮಳೆಗಾಲ

ಮುಂಬೈ ಹತ್ತಿರದ ಕಲ್ಯಾಣ ಸ್ಟೇಷನ್ನಿನ ಸ್ಕೈವಾಕ್ ಸೇತುವೆ ಇಳಿದರೆ ಎಡಕ್ಕೆ ಒಬ್ಬ ಮಿಲ್ಕ್‌ಶೇಕ್ ಗಾಡಿ ಇಟ್ಟುಕೊಂಡಿದ್ದಾನೆ. ಮೊನ್ನೆ ನಾನು ಹಾದುಹೋಗುವಾಗ ಅವನು ಬಾಳೆಹಣ್ಣಿನ ಎಸೆನ್ಸಿನ ಬಾಟಲಿಯ ಮುಚ್ಚಳ ತೆಗೆದ. ನನ್ನ ನಾಲಿಗೆಯ ಬುಡ ಜೋಮು ಹಿಡಿದ ಹಾಗಾಯಿತು. ಗಂಟಲು ಮರಗಟ್ಟಿಸಲು ಹೊಡೆಯುವ ಸ್ಪ್ರೇಗೂ ಇದೇ ವಾಸನೆ. ಹದಿನಾಲ್ಕು ವರ್ಷದಿಂದ ಅದನ್ನು ಬೇರೆಯವರ ಬಾಯಿಗೆ ಹೊಡೆಯುತ್ತಿರುವವನು ನಾನು. ಕೋಣೆಯೊಳಗೆ ಆ ವಾಸನೆ ನನಗೆ ತಿಳಿಯುವುದೇ ಇಲ್ಲ. ಹೊರಗೆ, ಬೀದಿಯಲ್ಲಿ ಬಂದರೆ ಮಾತ್ರ ಒಂದು ಮಳೆಗಾಲ ನೆನಪಾಗುತ್ತದೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಮುಲ್ಕಿಯ ಕಡೆಯಿಂದ ಠಾಣೆಗೆ ಬಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದೆ, ಟೇಬಲ್ ಒರೆಸಿದೆ, ಸಪ್ಲಾಯರ್ ಆದೆ. ಆಮೇಲೆ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಕೆಲಸ ಸಿಕ್ಕಿತು. ಅಲ್ಲಿಂದ ಎಂಡೋಸ್ಕೋಪಿ ಕೋಣೆಗೆ ಹಾಕಿದರು. ತುದಿಗೆ ಕ್ಯಾಮೆರಾ ಇರುವ ಕಪ್ಪು ನಳಿಗೆಯನ್ನು ಬಾಯಿಂದ ಹೊಟ್ಟೆಗೆ ಇಳಿಸಿ ಒಳಗೆ ನೋಡುವ ಕೋಣೆ ಅದು. ನಳಿಗೆ ಇಳಿಸುವುದು ಡಾಕ್ಟರು. ಉಳಿದದ್ದೆಲ್ಲ ನಾನು. ರೋಗಿಗೆ ಧೈರ್ಯ ಹೇಳುವುದು, ಕಟ್ಟಿದ ಹಲ್ಲಿದ್ದರೆ ತೆಗೆಸುವುದು, ಸ್ಪ್ರೇ ಹೊಡೆಯುವುದು, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಮೌತ್‌ಪೀಸ್ ಕೂರಿಸಿ ತಲೆಯ ಹಿಂದೆ ಪಟ್ಟಿ ಬಿಗಿಯುವುದು, ಎಡ ಮಗ್ಗುಲಿಗೆ ಮಲಗಿಸುವುದು. ಮುಗಿದ ಮೇಲೆ ನಳಿಗೆ ತೊಳೆಯುವುದು. ತೊಳೆಯುವುದರಲ್ಲಿ ನನ್ನನ್ನು ಮೀರಿಸಿದವರು ಆ ಆಸ್ಪತ್ರೆಯಲ್ಲಿ ಇಲ್ಲ. ನಳಿಗೆಯ ಒಳಗೆ ಸೂಜಿಯಷ್ಟು ಸಣ್ಣ ದಾರಿಯಿದೆ. ಅಲ್ಲಿ ಬ್ರಷ್ ತೂರಿಸಿ, ಆ ತುದಿಯಲ್ಲಿ ಅದು ಬಿಳಿಯಾಗಿ ಹೊರಗೆ ಬರುವ ತನಕ ಬಿಡುವವನಲ್ಲ. ಕೊಳೆ ಯಾವಾಗಲೂ ಕಾಣದ ಕಡೆ ಕೂರುತ್ತದೆ. ಇದನ್ನು ನನಗೆ ಹೋಟೆಲಿನ ಮೋರಿ ಕಲಿಸಿತ್ತು.

ರೋಗಿಗಳು ಹೆದರಿ ಏನೇನೋ ಕೇಳುತ್ತಾರೆ. “ಅಣ್ಣಾ, ಪೈಪ್ ಕಿತ್ನಾ ಮೋಟಾ ಹೈ?” ಎಂದು ಒಬ್ಬ ಪೈಪಿನ ದಪ್ಪ ಕೇಳಿದರೆ, “ತೇರೇ ವಡಾಪಾವ್ ಸೇ ಪತ್ಲಾ ಹೈ”, ನಿನ್ನ ವಡಾಪಾವಿಗಿಂತ ತೆಳ್ಳಗಿದೆ, ಎನ್ನುತ್ತಿದ್ದೆ. ನಕ್ಕ ಬಾಯಿ ತಾನಾಗಿ ತೆರೆಯುತ್ತದೆ, ಮೌತ್‌ಪೀಸ್ ಒಳಗೆ ಹೋಗುತ್ತದೆ. ಹಳೆಯ ಡಾಕ್ಟರ ಕಾಲದಲ್ಲಿ ಮಧ್ಯಾಹ್ನದೊಳಗೆ ಹದಿನೆಂಟು ಜನರನ್ನು ಮುಗಿಸಿದ ದಿನಗಳಿವೆ. ಅವರು ಒಬ್ಬರ ರಿಪೋರ್ಟ್ ಬರೆದು ತಿರುಗುವಷ್ಟರಲ್ಲಿ ಮುಂದಿನವರು ಪಟ್ಟಿ ಕಟ್ಟಿಸಿಕೊಂಡು ಮಲಗಿರುತ್ತಿದ್ದರು. ನಳಿಗೆ ಗಂಟಲು ದಾಟಿದ್ದು ರೋಗಿಗೇ ಗೊತ್ತಾಗಬಾರದು ಎನ್ನುವುದು ಅವರ ಹೆಚ್ಚುಗಾರಿಕೆ. “ಭೋಜ, ಗಂಟಲು ನಮ್ಮ ಸ್ಟೇಷನ್ ಅಲ್ಲ. ಫಾಸ್ಟ್ ಲೋಕಲ್ ಟ್ರೈನು ಅಲ್ಲಿ ನಿಲ್ಲೋದಿಲ್ಲ,” ಎನ್ನುತ್ತಿದ್ದರು. ನಮ್ಮದು ಅನ್ನನಾಳದಿಂದ ಶುರು.

ಅವರು ನಿವೃತ್ತರಾದ ವರ್ಷ, ಜೂನ್ ತಿಂಗಳಲ್ಲಿ, ಹೊಸ ಮೇಡಂ ಬಂದರು. ಮೈಸೂರಿನವರು. ಗಂಡನಿಗೆ ಐರೋಲಿಯಲ್ಲಿ ಕಂಪೆನಿ ಕೆಲಸ. ದಿನವೂ ಶಿಲ್‌ಫಾಟಾ ರಸ್ತೆಯ ಗುಂಡಿಗಳನ್ನು ದಾಟಿ ಕಾರಿನಲ್ಲಿ ಬರುತ್ತಿದ್ದರು. ಮೊದಲ ದಿನವೇ ನಾನು ತಯಾರು ಮಾಡಿ ಮಲಗಿಸಿದ್ದ ರೋಗಿಯನ್ನು ಎಬ್ಬಿಸಿ ಕೂರಿಸಿದರು.

“ಭೋಜಣ್ಣ, ಮೌತ್‌ಪೀಸ್ ಬಿಚ್ಚಿ. ನಾನು ಬಾಯಿ ನೋಡಿದ ಮೇಲೆ ಕಟ್ಟಿ.”

“ಬಾಯಿ ನೋಡುದಾ ಮೇಡಂ? ಇವರಿಗೆ ಹೊಟ್ಟೆಯ ತೊಂದರೆ.”

“ಹೊಟ್ಟೆಗೆ ಹೋಗೋ ದಾರಿ ಎಲ್ಲಿಂದ ಶುರುವಾಗುತ್ತೆ?”

ಪಟ್ಟಿ ಬಿಚ್ಚಿದೆ. ಅವರು ಟಾರ್ಚ್ ಹಿಡಿದು ತುಟಿ ಮಗುಚಿ ನೋಡಿದರು. ಎರಡೂ ಕೆನ್ನೆಯ ಒಳಗೆ, ಒಸಡು, ನಾಲಿಗೆಯ ಮೇಲೆ. ಬಟ್ಟೆಯ ತುಂಡಿನಲ್ಲಿ ನಾಲಿಗೆಯ ತುದಿ ಹಿಡಿದು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಎಳೆದು ಬದಿಗಳನ್ನು ನೋಡಿದರು. ನಾಲಿಗೆ ಎತ್ತಿಸಿ ಕೆಳಗೆ ನೋಡಿದರು. ಆಮೇಲೆ ಮೌತ್‌ಪೀಸ್ ಕಟ್ಟಲು ಹೇಳಿ ನಳಿಗೆ ಇಳಿಸುವಾಗ ಗಂಟಲಿನಲ್ಲಿಯೂ ನಿಂತರು. ಅಂಗುಳ, ಕಿರುನಾಲಿಗೆ, ಗಂಟಲಿನ ಹಿಂದಿನ ಗೋಡೆ. ರೋಗಿಗೆ “ಈಈ... ಅನ್ನಿ” ಎಂದು ಹೇಳಿಸಿ ಧ್ವನಿಪೆಟ್ಟಿಗೆಯನ್ನು ನೋಡಿದರು. ಅಷ್ಟು ವರ್ಷ ಆ ಪರದೆಯ ಪಕ್ಕದಲ್ಲೇ ನಿಂತಿದ್ದರೂ ನಾನು ಅದನ್ನು ಸರಿಯಾಗಿ ಕಂಡಿರಲಿಲ್ಲ. ಎರಡು ಬಿಳಿ ಪಟ್ಟಿಗಳು, ಹೋಟೆಲಿನ ಅಡುಗೆಮನೆಯ ಎರಡು ರೆಕ್ಕೆಯ ಬಾಗಿಲಿನ ಹಾಗೆ, ಉಸಿರಿಗೆ ತೆರೆದು ಮಾತಿಗೆ ಮುಚ್ಚುತ್ತಿದ್ದವು. ಬಣ್ಣ ಬದಲಿಸಿ ನೀಲಿ ಬೆಳಕಿನಲ್ಲಿ ಇನ್ನೊಮ್ಮೆ ನೋಡಿದರು, ಫೋಟೋ ತೆಗೆದರು. ಆಮೇಲೆ ಕೆಳಗೆ ಹೋದರು.

ಎಲ್ಲ ಸೇರಿ ಎರಡು ನಿಮಿಷ. ಹದಿನೆಂಟು ಜನಕ್ಕೆ ಎರಡೆರಡು ನಿಮಿಷವೆಂದರೆ ನನ್ನ ಊಟ ಮೂರು ಗಂಟೆಗೆ. ಕ್ಯಾಂಟೀನಿನಲ್ಲಿ ನಾನು ಅವರಿಗೆ ಸ್ಲೋ ಲೋಕಲ್ ಎಂದು ಹೆಸರಿಟ್ಟೆ. ವಾರದೊಳಗೆ ಅದು ಅವರ ಕಿವಿಗೂ ಬಿತ್ತು.

“ಸ್ಲೋ ಲೋಕಲ್ ಎಲ್ಲಾ ಸ್ಟೇಷನ್ನಲ್ಲೂ ನಿಲ್ಲುತ್ತೆ ಭೋಜಣ್ಣ. ಇಳಿಯೋರು ಎಲ್ಲಿರ್ತಾರೋ ಯಾರಿಗೆ ಗೊತ್ತು,” ಎಂದರು. ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಜುಲೈ ಮೊದಲ ವಾರದಲ್ಲಿ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಿಂದ ಒಬ್ಬ ಹಮಾಲಿ ಬಂದ. ಹೊಟ್ಟೆ ಉರಿ ಎಂದು ಬಂದವನು. ಹೊಟ್ಟೆಯಲ್ಲಿ ದೊಡ್ಡದೇನೂ ಇರಲಿಲ್ಲ. ಗಂಟಲಿನ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಕೆಂಪು ಇತ್ತು. ಮೇಡಂ ಪರದೆಯ ಮೇಲೆ ಬೆರಳಿಟ್ಟು ನನಗೂ ತೋರಿಸಿದರು. “ಬಿಳಿ ಇದ್ರೆ ಗಮನ ಇಡಬೇಕು. ಕೆಂಪು ಇದ್ರೆ ಬಿಡಲೇಬಾರದು. ನೋವಿಲ್ಲದಿದ್ರೂ ಬಿಡಬಾರದು.” ತುಣುಕು ಪರೀಕ್ಷೆಗೆ ಹೋಯಿತು. ಕ್ಯಾನ್ಸರಿನ ಮೊಳಕೆ, ಬೇಗ ಸಿಕ್ಕಿತು, ಬದುಕುತ್ತಾನೆ ಎಂದು ಬಂತು. ಅಂದಿನಿಂದ ನಾನೂ ಸ್ಪ್ರೇ ಹೊಡೆಯುವಾಗ ಬಾಯಿಯೊಳಗೆ ಕಣ್ಣು ಹಾಯಿಸತೊಡಗಿದೆ. ಆದರೆ ಸ್ಲೋ ಲೋಕಲ್ ಎನ್ನುವುದನ್ನು ಬಿಡಲಿಲ್ಲ.

ರಘು ಬಂದದ್ದು ಆ ತಿಂಗಳ ಕೊನೆಯಲ್ಲಿ. ರಘು ಮತ್ತು ನಾನು ಒಂದೇ ಬಸ್ಸಿನಲ್ಲಿ ಊರು ಬಿಟ್ಟವರು, ಒಂದೇ ಹೋಟೆಲಿನ ಅಟ್ಟದಲ್ಲಿ ಮಲಗಿದವರು. ನಾನು ಆಸ್ಪತ್ರೆಗೆ ಹೋದೆ, ಅವನು ಕಾವಲಿಯ ಮುಂದೆಯೇ ಉಳಿದ. ಡೊಂಬಿವ್ಲಿ ಪೂರ್ವದಲ್ಲಿ ಅವನು ಎರೆಯುವ ದೋಸೆಗೆ ಜನ ರಸ್ತೆಯ ತನಕ ನಿಲ್ಲುತ್ತಾರೆ. ಅವನ ಸ್ವರ ಅವನ ದೋಸೆಗಿಂತ ಪ್ರಸಿದ್ಧ. ಆರ್ಡರ್ ಕೂಗಿದರೆ ಎದುರಿನ ಕಟ್ಟಡದ ಮೂರನೆಯ ಮಾಳಿಗೆಗೆ ಕೇಳಬೇಕು. ಕಾವಲಿಯ ಮುಂದೆ ಬೀಡಿ ಸೇದುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅದಕ್ಕೆ ತಂಬಾಕು-ಸುಣ್ಣ ತಿಕ್ಕಿ ಎಡಗಡೆ, ದವಡೆ ಹಲ್ಲಿನ ಬದಿಗೆ ನಾಲಿಗೆಗೆ ತಾಗಿಸಿ ಇಡುವುದು, ಮಧ್ಯಾಹ್ನದ ತನಕ ಅದರ ರಸ ನುಂಗುತ್ತಾ ನಿಲ್ಲುವುದು. ಹೋಟೆಲಿನವರಲ್ಲಿ ಇದು ಹೊಸತಲ್ಲ.

ಅದಕ್ಕೂ ಎರಡು ವರ್ಷ ಮೊದಲು ಅವನ ಹೆಂಡತಿ ಸುಮತಿ ಅವನನ್ನು ಟಿಟ್ವಾಳಾದ ಗಣಪತಿಯ ಮುಂದೆ ನಿಲ್ಲಿಸಿ ತಂಬಾಕು ಬಿಡಿಸಿದ್ದಳು. ನನ್ನ ಮನೆ ದೇವಸ್ಥಾನದಿಂದ ಹತ್ತು ನಿಮಿಷ. ಸಾಕ್ಷಿಗೆಂದು ನನ್ನನ್ನೂ ಕರೆದಳು. “ಭೋಜಣ್ಣ ಕೇಳಿದ್ದಾರೆ, ನೆನಪಿರ್ಲಿ,” ಎಂದು ಗಂಡನಿಗೆ ಹೇಳಿದಳು. ರಘು ಡಬ್ಬಿಯನ್ನು ದೇವಸ್ಥಾನದ ಹೊರಗೆ ಕಸಕ್ಕೆ ಹಾಕಿದ. ನಾಲ್ಕು ತಿಂಗಳ ಮೇಲೆ ಹೋಟೆಲಿನಲ್ಲಿ ಅವನ ಕೆನ್ನೆ ಉಬ್ಬಿದ್ದನ್ನು ಕಂಡೆ. ಅವನು ಸಟ್ಟುಗ ತೋರಿಸಿ ಸುಮ್ಮನಿರು ಎಂದ. ಸುಮ್ಮನಿದ್ದೆ.

ಆ ದಿನ ಬೆಳಗಿನಿಂದ ಮಳೆ. ಟಿಟ್ವಾಳಾದಿಂದ ಕಲ್ಯಾಣಕ್ಕೆ ಬರಲು ನನಗೇ ಒಂದೂವರೆ ಗಂಟೆ ಹಿಡಿಯಿತು. ಮೇಡಂ ಹನ್ನೊಂದಕ್ಕೆ ಬಂದರು. ಹೊರಗೆ ಹದಿನಾರು ಜನ ಖಾಲಿ ಹೊಟ್ಟೆಯಲ್ಲಿ, ಒದ್ದೆ ಬಟ್ಟೆಯಲ್ಲಿ ಕೂತು ಗೊಣಗುತ್ತಿದ್ದರು. ರಘು ಐದನೆಯವನು. ಸುಮತಿ ಫ್ಲಾಸ್ಕಿನಲ್ಲಿ ಗಂಜಿತಿಳಿ ತಂದಿದ್ದಳು. “ಆಟಿಯಂಥ ಕೆಟ್ಟ ತಿಂಗಳಲ್ಲಿ ಆಸ್ಪತ್ರೆಗೆ ಬರ್ಬೇಕಾಯ್ತಲ್ಲ ಭೋಜಣ್ಣ. ಎರಡು ತಿಂಗಳಿಂದ ಎದೆ ಉರಿ, ಎದೆ ಉರಿ ಅಂತಾರೆ,” ಎಂದಳು.

ಒಳಗೆ ಬಂದವನೇ ರಘು ನನ್ನ ತೋಳು ಹಿಡಿದ. ಮೇಡಂ ಮೂಲೆಯಲ್ಲಿ ಬೆನ್ನು ಹಾಕಿ ಹಿಂದಿನ ರಿಪೋರ್ಟ್ ಟೈಪ್ ಮಾಡುತ್ತಿದ್ದರು.

“ನಿನ್ನ ಡಾಕ್ಟ್ರಮ್ಮ ಬಾಯಿ ಎಲ್ಲ ಬಿಡಿಸಿ ನೋಡ್ತಾರಂತೆ ಅಲ್ವಾ?”

“ನೋಡ್ತಾರೆ. ಎಂತಕ್ಕೆ?”

“ಅದು ಬೇಡ ಮಾರಾಯ. ಹಲ್ಲು ನೋಡಿದ್ರೆ ತಂಬಾಕು ಅಂತ ಗೊತ್ತಾಗ್ತದೆ. ಹೊರಗೆ ಹೋಗಿ ಸುಮತಿಗೆ ಹೇಳಿದ್ರೆ ನನ್ನ ಕಥೆ ಮುಗೀತು. ನೀನು ಆ ಪ್ಲಾಸ್ಟಿಕ್ ಬೇಗ ಕಟ್ಟಿಬಿಡು.”

“ಅವರು ಬಿಚ್ಚಿಸ್ತಾರೆ.”

“ನೀನು ನೋಡಿದ್ದೇನೆ ಅಂತ ಹೇಳು. ನಿನ್ನ ಮಾತಿಗೆ ಬೆಲೆ ಇಲ್ವಾ ಇಲ್ಲಿ? ಇಷ್ಟು ವರ್ಷ ಎಂತ ಮಾಡಿದ್ದೀ ಮತ್ತೆ?”

ಆ ಮಾತು ನಾಟಿತು. ಇಲ್ಲಿ ನನ್ನ ಮಾತಿಗೆ ಬೆಲೆ ಉಂಟೋ ಇಲ್ಲವೋ ಎಂದು ನನಗೂ ನೋಡಬೇಕಿತ್ತು. ಬಾಯಿ ತೆರೆಯಲು ಹೇಳಿ ಸ್ಪ್ರೇ ಹೊಡೆದೆ. ದೀಪ ಮೇಲಿನಿಂದ ನೇರವಾಗಿ ಬೀಳುತ್ತಿತ್ತು. ಅವನು ಬಾಳೆಹಣ್ಣಿನ ವಾಸನೆಗೆ ಮುಖ ಕಿವುಚಿ ನಾಲಿಗೆಯನ್ನು ಬಲಕ್ಕೆ ಸರಿಸಿದ. ಎಡಬದಿಯಲ್ಲಿ, ಹಿಂದೆ, ದವಡೆ ಹಲ್ಲಿಗೆ ತಾಗುವಲ್ಲಿ, ಉಗುರಿನಷ್ಟು ಅಗಲದ ಕೆಂಪು ಕಾಣಿಸಿತು. ಅಂಚಿಗೆ ಸ್ವಲ್ಪ ಬಿಳಿ. ಸುಣ್ಣ ಸುಟ್ಟಿರಬೇಕು ಎಂದುಕೊಂಡೆ. ಹಾಗಲ್ಲವೆಂದೂ ಗೊತ್ತಿತ್ತು. ಮೌತ್‌ಪೀಸ್ ಕೂರಿಸಿ ಪಟ್ಟಿ ಬಿಗಿದೆ.

ಮೇಡಂ ತಿರುಗಿದರು. “ಕಟ್ಟಿಬಿಟ್ರಾ?”

“ನಾನೇ ನೋಡಿದ್ದೇನೆ ಮೇಡಂ. ಟಾರ್ಚ್ ಹಾಕಿಯೇ ನೋಡಿದ್ದು. ಬಾಯಿ ಸರಿ ಉಂಟು. ಹೊರಗೆ ಇನ್ನೂ ಹನ್ನೊಂದು ಜನ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ, “ಸರಿ, ನೀವು ನೋಡಿದ್ರೆ ಆಯ್ತು,” ಎಂದು ನಳಿಗೆ ಕೈಗೆತ್ತಿಕೊಂಡರು. ಆ ಮಾತಿಗೆ ಎಷ್ಟು ವರ್ಷದಿಂದ ಕಾದಿದ್ದೆನೋ. ಅದು ಬಂದದ್ದು ಹೀಗೆ.

ಗಂಟಲಿನಲ್ಲಿ ಎಂದಿನಂತೆ ನಿಂತು ನೋಡಿದರು. ಅಲ್ಲಿ ಏನೂ ಇರಲಿಲ್ಲ. ಹೊಟ್ಟೆಯಲ್ಲಿ ಉರಿಯೂತವಿತ್ತು, ಅನ್ನನಾಳದ ಕೆಳಗೆ ಸ್ವಲ್ಪ ಗಾಯ. ಮಾತ್ರೆಯಲ್ಲಿ ಹೋಗುವಂಥದ್ದು. ನಾಲಿಗೆಯ ಎಡಬದಿಯನ್ನು ಮೌತ್‌ಪೀಸಿನ ಪ್ಲಾಸ್ಟಿಕ್ ಮುಚ್ಚಿಕೊಂಡಿತ್ತು. ನಳಿಗೆ ಅದರ ನಡುವಿನಿಂದ ಹೋಗಿ ನಡುವಿನಿಂದಲೇ ಹೊರಗೆ ಬಂತು. ರಿಪೋರ್ಟಿನಲ್ಲಿ ಮೇಡಂ ಮೊದಲ ಸಾಲಿಗೆ ಬಾಯಿ ಸರಿಯಿದೆ ಎಂದು ಟೈಪ್ ಹೊಡೆದರು, ಕೊನೆಯಲ್ಲಿ ತಮ್ಮ ಸಹಿ ಹಾಕಿದರು. ಅವರ ಸಹಿಯ ಮೇಲೆ ನನ್ನ ಸುಳ್ಳು ಅಚ್ಚಾಗಿ ಹೊರಗೆ ಬಂತು. ರಘು ಏಳುವಾಗ ನನ್ನ ಬೆನ್ನು ತಟ್ಟಿದ. ಗಂಟಲು ಜೋಮು ಹಿಡಿದಿದ್ದರಿಂದ ಮಾತಾಡಲಿಲ್ಲ.

ಅವರು ಹೋದರು. ಮುಂದಿನ ರೋಗಿಗೆ ಎರಡನೆಯ ನಳಿಗೆ ಕೊಟ್ಟು, ನಾನು ಇದನ್ನು ತೊಳೆಯಲು ಬೇಸಿನ್ನಿಗೆ ಒಯ್ದೆ. ಬ್ರಷ್ ತೂರಿಸಿದೆ. ಬಿಳಿಯಾಗಿ ಬಂತು. ಇನ್ನೊಮ್ಮೆ ತೂರಿಸಿದೆ. ಬಿಳಿಯೇ. ಮೂರನೆಯ ಸಲ ತೂರಿಸುತ್ತಿರುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೇ ಕಂಡಿತು. ಕೈಗವಸು ಕಳಚಿ, ಸಿಸ್ಟರಿಗೆ ಐದು ನಿಮಿಷ ಎಂದು ಹೇಳಿ ಸ್ಟೇಷನ್ನಿನ ಕಡೆ ಹೊರಬಿದ್ದೆ.

ಮಳೆ ಇಲ್ಲದಿದ್ದರೆ ಅವರು ಸಿಗುತ್ತಿರಲಿಲ್ಲ. ಠಾಕುರ್ಲಿಯ ಹತ್ತಿರ ಹಳಿಯ ಮೇಲೆ ನೀರು ನಿಂತು ಗಾಡಿಗಳು ನಿಂತಿದ್ದವು. ಪ್ಲಾಟ್‌ಫಾರ್ಮ್ ತುಂಬ ಜನ. ಮರಾಠಿಯಲ್ಲಿ ಅದೇ ಅನೌನ್ಸ್‌ಮೆಂಟ್ ಮತ್ತೆ ಮತ್ತೆ. ಚಹಾದ ಸ್ಟಾಲಿನ ಹಿಂದೆ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ಗಂಟಲು ಸರಿಯಾಗುವ ತನಕ ಏನೂ ಕುಡಿಯಬಾರದಾದ್ದರಿಂದ ಫ್ಲಾಸ್ಕ್ ಸುಮತಿಯ ಮಡಿಲಿನಲ್ಲೇ ಇತ್ತು.

“ರಘು, ಬಾ. ಮೇಡಂ ಇನ್ನೊಮ್ಮೆ ನೋಡ್ಬೇಕಂತೆ,” ಎಂದೆ.

ಅವನಿಗೆ ತಕ್ಷಣ ಅರ್ಥವಾಯಿತು. “ಆಗುದಿಲ್ಲ. ಈಗ ಟ್ರೈನ್ ಬರ್ತದೆ,” ಎಂದ. ಮಾತು ಇನ್ನೂ ತೊದಲುತ್ತಿತ್ತು.

“ಎಂತ ನೋಡ್ಲಿಕ್ಕೆ ಭೋಜಣ್ಣ? ರಿಪೋರ್ಟ್ ಕೊಟ್ರಲ್ಲ,” ಎಂದಳು ಸುಮತಿ.

ರಘು ನನ್ನನ್ನು ನೋಡಿದ. ಆ ನೋಟವನ್ನು ನಾನು ಇಪ್ಪತ್ತೈದು ವರ್ಷದಿಂದ ಬಲ್ಲೆ. ಹೋಟೆಲಿನ ಮುದಲಾಳಿ ಬೈಯುವಾಗ, ಗಿರಾಕಿ ಜಗಳಕ್ಕೆ ಬಂದಾಗ, ನಾವಿಬ್ಬರೂ ಒಂದೇ ಕಡೆ ಎಂದು ಹೇಳುವ ನೋಟ.

“ಬಾಯಿ,” ಎಂದೆ. “ನಾಲಿಗೆಯ ಎಡಬದಿ. ತಂಬಾಕು ಇಡ್ತಾನಲ್ಲ, ಆ ಜಾಗ.”

ಸುಮತಿ ಗಂಡನ ಕಡೆ ತಿರುಗಿದಳು. “ತಂಬಾಕಾ,” ಎಂದಳು. “ಬಿಟ್ಟು ಎರಡು ವರ್ಷ ಆಯ್ತಲ್ಲ.”

ರಘು ಹಳಿಯ ಮೇಲೆ ಬೀಳುವ ಮಳೆಯನ್ನು ನೋಡುತ್ತಿದ್ದ.

“ನಿಮಗೆ ಗೊತ್ತಿತ್ತು,” ಎಂದು ಅವಳು ನನಗೆ ಹೇಳಿದಳು.

“ಗೊತ್ತಿತ್ತು.”

ಅವಳು ಫ್ಲಾಸ್ಕನ್ನು ಚೀಲಕ್ಕೆ ಹಾಕಿ ಎದ್ದು ನಿಂತಳು. ಗಂಡನಿಗೆ, “ಏಳಿ,” ಎಂದಳು. ಅಷ್ಟೇ. ಅವನು ಎದ್ದ. ಸ್ಕೈವಾಕಿನ ಮೆಟ್ಟಿಲು ಹತ್ತುವಾಗ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, “ನೀನಿನ್ನು ಹೋಟೆಲಿನ ಕಡೆ ಬರ್ಬೇಡ ಭೋಜ,” ಎಂದ.

ಮೇಡಂ ಎಂಟನೆಯ ರೋಗಿಯನ್ನು ಮುಗಿಸಿದ್ದರು. ಹೇಳಬೇಕಾದ್ದನ್ನು ನಿಂತಲ್ಲೇ ಹೇಳಿದೆ. ಅವರು ರಘುವನ್ನು ಸ್ಟೂಲಿನಲ್ಲಿ ಕೂರಿಸಿ, ಬಟ್ಟೆಯಲ್ಲಿ ನಾಲಿಗೆ ಹಿಡಿದು ಬಲಕ್ಕೆ ಎಳೆದು ನೋಡಿದರು. ಬೆರಳಿನಿಂದ ಒತ್ತಿ ನೋಡಿದರು. ಕುತ್ತಿಗೆಯ ಎರಡೂ ಬದಿ ಮುಟ್ಟಿ ನೋಡಿದರು. ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ಚೀಟಿ ಬರೆದು, ಇವತ್ತೇ ಕೆಳಗೆ ಹೋಗಿ ತೋರಿಸಬೇಕೆಂದು ಸುಮತಿಗೆ ವಿವರಿಸಿದರು. ತಂಬಾಕಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಹಳೆಯ ರಿಪೋರ್ಟ್ ಹರಿದು ಹೊಸದು ಹೊಡೆದರು. ಅವರಿಬ್ಬರೂ ಹೋದ ಮೇಲೆ ನನ್ನ ಕಡೆ ತಿರುಗಿದರು.

“ಅಂದ್ರೆ ನೀವು ನಿಜವಾಗ್ಲೂ ನೋಡಿದ್ರಿ.”

“ನೋಡಿದ್ದೆ ಮೇಡಂ.”

“ನೋಡದೇ ಸರಿಯಿದೆ ಅಂದಿದ್ರೆ ಕ್ಷಮಿಸಿಬಿಡ್ತಿದ್ದೆ ಭೋಜಣ್ಣ.”

ಮುಂದಿನವರನ್ನು ಕರೆಯಲು ಹೇಳಿದರು. ಕೆಲಸದಿಂದ ತೆಗೆಸಲಿಲ್ಲ, ಮೇಲಿನವರಿಗೆ ದೂರು ಕೊಡಲಿಲ್ಲ. ಆದರೆ ಆ ಮಳೆಗಾಲ ಮುಗಿಯುವ ತನಕ, ಸ್ಪ್ರೇ ಆಯಿತಾ, ಹಲ್ಲು ತೆಗೆಸಿದಿರಾ ಎಂದು ಪ್ರತಿಯೊಂದನ್ನೂ ನನಗೆ ಎರಡು ಸಲ ಕೇಳುತ್ತಿದ್ದರು. ನಾನು ಎರಡು ಸಲ ಉತ್ತರಿಸುತ್ತಿದ್ದೆ. ಸ್ಲೋ ಲೋಕಲ್ ಎನ್ನುವುದನ್ನು ನಿಲ್ಲಿಸಿದೆ. ಕ್ಯಾಂಟೀನಿನ ಬೇರೆಯವರು ಹೇಳಿದರೆ ಎದ್ದು ಬರುತ್ತಿದ್ದೆ.

ರಘುವಿನ ಸುದ್ದಿ ಸುಮತಿಯ ಫೋನಿನಲ್ಲಿ ಬರುತ್ತಿತ್ತು. ಪರೀಕ್ಷೆಗೆ ಕೊಟ್ಟ ತುಣುಕಿನಲ್ಲಿ ಕ್ಯಾನ್ಸರ್ ಎಂದೇ ಬಂತು. ಇನ್ನೂ ಆಳಕ್ಕೆ ಹೋಗಿರಲಿಲ್ಲ, ಕುತ್ತಿಗೆಗೆ ಇಳಿದಿರಲಿಲ್ಲ. ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ನಾಲಿಗೆಯ ಎಡ ಅಂಚನ್ನು ಕತ್ತರಿಸಿ ತೆಗೆದರು. ಬೇರೆ ಚಿಕಿತ್ಸೆ ಬೇಕಾಗಲಿಲ್ಲ. ಇನ್ನು ಆರು ತಿಂಗಳು ಬಿಟ್ಟಿದ್ದರೆ ಅರ್ಧ ನಾಲಿಗೆ ಹೋಗುತ್ತಿತ್ತು, ಆಮೇಲೆ ಬೇರೆ ಮಾತು ಎಂದು ಅಲ್ಲಿಯ ಡಾಕ್ಟರು ಹೇಳಿದರಂತೆ. ಗಣೇಶ ಹಬ್ಬ ಬಂದು ಹೋಯಿತು. ನವರಾತ್ರಿಯೂ ಹೋಯಿತು. ರಘು ಫೋನಿಗೆ ಬರಲಿಲ್ಲ. “ಮಾತಾಡ್ತಾರೆ ಭೋಜಣ್ಣ, ನಿಮ್ಮ ಹತ್ರ ಮಾತ್ರ ಇಲ್ಲ,” ಎಂದು ಸುಮತಿ ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳೂ ನನ್ನನ್ನು ಪೂರ್ತಿ ಕ್ಷಮಿಸಿರಲಿಲ್ಲ. ಗಣಪತಿಯ ಮುಂದೆ ಸಾಕ್ಷಿಗೆ ನಿಂತವನು ನಾನು.

ಮಳೆ ನಿಂತು, ಡೊಂಬಿವ್ಲಿಯ ರಸ್ತೆಯ ಕೆಸರು ಧೂಳಾದ ಮೇಲೆ ಒಂದು ಮಧ್ಯಾಹ್ನ ಹೋಟೆಲಿಗೆ ಹೋದೆ. ಮೂರೂವರೆ. ಊಟ ಮುಗಿದು ಸಂಜೆಯ ಗಿರಾಕಿ ಶುರುವಾಗದ ಹೊತ್ತು. ರಘು ಕಾವಲಿಯ ಮುಂದಿದ್ದ. ಬಡಕಲಾಗಿದ್ದ. ಈಗ ಅವನು ಕೂಗುವುದಿಲ್ಲ, ದೋಸೆ ತಯಾರಾದರೆ ಸಟ್ಟುಗದಿಂದ ಕಾವಲಿಯ ಅಂಚಿಗೆ ಎರಡು ಸಲ ಬಡಿಯುತ್ತಾನೆ ಎಂದು ಸಪ್ಲಾಯರ್ ಹೇಳಿದ. ನನ್ನನ್ನು ಕಂಡವನೇ ಮುಖ ತಗ್ಗಿಸಿದ. ನಾನು ಗೋಡೆ ಬದಿಯ ಟೇಬಲಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಟಣ್ ಟಣ್ ಎಂದು ಎರಡು ಪೆಟ್ಟು ಕೇಳಿತು. ಸಪ್ಲಾಯರ್ ನಾನು ಹೇಳದ ಒಂದು ದೋಸೆ ತಂದಿಟ್ಟ. ಅಂಚು ಕಪ್ಪಾಗುವ ಹಾಗೆ ಕಾಯಿಸಿದ್ದು, ನನಗೆ ಬೇಕಾದ ಹಾಗೆ.

ತಿಂದು ಮುಗಿಸುವಾಗ ರಘು ಕೈ ಒರೆಸಿಕೊಳ್ಳುತ್ತಾ ಬಂದು ಎದುರು ಕೂತ. ನಾನು ತಟ್ಟೆ ಬದಿಗೆ ಸರಿಸಿದೆ. ಅವನು ಕುರ್ಚಿಯನ್ನು ಬಾಗಿಲಿನ ಬೆಳಕಿಗೆ ತಿರುಗಿಸಿದ. ಬಾಯಿ ಅಗಲವಾಗಿ ತೆರೆದ. ಬೆರಳಿನಿಂದ ನಾಲಿಗೆಯನ್ನು ಬಲಕ್ಕೆ ಒತ್ತಿ ಹಿಡಿದ.

ನಾನು ಮೊಬೈಲಿನ ಟಾರ್ಚ್ ಹಾಕಿದೆ. ಹಲ್ಲು ಬೆಳ್ಳಗಾಗಿರಲಿಲ್ಲ, ಆದರೆ ಹೊಸ ಕಲೆ ಇರಲಿಲ್ಲ. ಎಡ ಅಂಚಿನಲ್ಲಿ ಹೊಲಿಗೆಯ ಗುರುತು, ಗುಲಾಬಿ ಬಣ್ಣಕ್ಕೆ ಬಂದಿತ್ತು. ಅಷ್ಟಕ್ಕೇ ಬಿಡಲಿಲ್ಲ. ಮೇಡಂ ನೋಡುವ ಕ್ರಮದಲ್ಲೇ ನೋಡಿದೆ. ತುಟಿಯ ಒಳಗೆ, ಎರಡೂ ಕೆನ್ನೆ, ಒಸಡು, ನಾಲಿಗೆಯ ಮೇಲೆ, ಬದಿ, ಎತ್ತಿಸಿ ಕೆಳಗೆ, ಅಂಗುಳ, ಗಂಟಲು.

ಬಾಗಿಲಲ್ಲಿ ಒಬ್ಬ ಗಿರಾಕಿ ಬಂದು ನಿಂತ. ಬೆಳಕು ಸ್ವಲ್ಪ ಕಡಿಮೆಯಾಯಿತು.

“ಅಣ್ಣಾ, ದೋಸಾ ಮಿಲೇಗಾ ಕ್ಯಾ?”

ರಘು ಬಾಯಿ ಮುಚ್ಚಲು ಹೊರಟ. ನಾನು ಅವನ ಗಲ್ಲ ಹಿಡಿದುಕೊಂಡೆ.

“ದೋ ಮಿನಿಟ್,” ಎಂದೆ, ಹಿಂದೆ ತಿರುಗದೆ.